ನಳಿಕೆ ಮೂಲಕ ಆಹಾರ ಕೊಡುವಾಗ ಕೆಮ್ಮು, ವಾಂತಿ, ಜಾರುವಿಕೆ: ದೋಷ ರೋಗಿಯ ಭಂಗಿಯಲ್ಲಿದೆಯೇ ಎಂದು ಪತ್ತೆ ಹಚ್ಚುವ ಬಗೆ

ದಾವಣಗೆರೆಯಲ್ಲಿ ಶುಶ್ರೂಷಾ ಸಹಾಯಕರಿಗೆ ಕೆಲಸ ಕಲಿಸುವ ನನಗೆ ಅತಿ ಹೆಚ್ಚು ಬಾರಿ ಕೇಳಿಬಂದ ದೂರು ಇದು: "ಸಿಸ್ಟರ್, ಮಂಚ ಎತ್ತಿಯೇ ಫೀಡ್ ಕೊಟ್ಟೀನಿ, ಆದ್ರೂ ಅಜ್ಜಾರು ಕೆಮ್ತಾನೇ ಅದಾರೆ." ಹೋಗಿ ನೋಡಿದರೆ ಅವರು ಹೇಳಿದ್ದು ಸುಳ್ಳಾಗಿರುವುದಿಲ್ಲ. ಮಂಚದ ತಲೆಭಾಗ ಸರಿಯಾಗಿ 45 ಡಿಗ್ರಿಗೆ ಎದ್ದಿರುತ್ತದೆ. ಆದರೆ ಅಜ್ಜಾರು ಒಂದು ಗೇಣು ಕೆಳಕ್ಕೆ ಜಾರಿರುತ್ತಾರೆ, ಮಂಚ ಮಡಚುವ ಜಾಗಕ್ಕೆ ಅವರ ಸೊಂಟದ ಬದಲು ಬೆನ್ನಿನ ನಡುಭಾಗ ಬಂದಿರುತ್ತದೆ, ಹೊಟ್ಟೆ ಮುದುಡಿಕೊಂಡು ಗದ್ದ ಎದೆಗೆ ತಾಗಿರುತ್ತದೆ. ಮಂಚ ಕುಳಿತಿದೆ, ರೋಗಿ ಮಲಗಿದ್ದಾರೆ. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಮುಖ್ಯವಾಗಿ ಇದನ್ನೇ: ಮಂಚದ ಕೋನ ಬೇರೆ, ರೋಗಿಯ ಕೋನ ಬೇರೆ, ಫೀಡ್ ಕೊಡುವಾಗ ಏನೇ ತೊಂದರೆ ಕಾಣಿಸಿಕೊಂಡರೂ ಗಂಜಿಯನ್ನೋ ನಳಿಕೆಯನ್ನೋ ದೂರುವ ಮೊದಲು ರೋಗಿಯ ಸೊಂಟ ಎಲ್ಲಿದೆ ಎಂದು ನೋಡಬೇಕು.

ಭಂಗಿಗೆ ಇಷ್ಟು ಮಹತ್ವ ಏಕೆ ಎಂಬುದನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಅನ್ನನಾಳ ಜಠರವನ್ನು ಸೇರುವಲ್ಲಿ ಉಂಗುರದಂಥ ಸ್ನಾಯುವಿದ್ದು, ತಿಂದದ್ದು ಮೇಲಕ್ಕೆ ಬಾರದಂತೆ ಅದು ಬಿಗಿಹಿಡಿದಿರುತ್ತದೆ. ಮೂಗಿನಿಂದ ಜಠರಕ್ಕೆ ಇಳಿಸಿದ ರೈಲ್ಸ್ ಟ್ಯೂಬ್ ಆ ಬಾಗಿಲಿನ ಮೂಲಕವೇ ಹಾಯ್ದುಹೋಗುವುದರಿಂದ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಹಾಗಾಗಿ ಹೊಟ್ಟೆಯಲ್ಲಿರುವುದು ಗಂಟಲಿಗೆ ಬಾರದಂತೆ ತಡೆಯುವ ಕೆಲಸವನ್ನು ಬಹುಪಾಲು ಭೂಮಿಯ ಸೆಳೆತವೇ ಮಾಡಬೇಕಾಗುತ್ತದೆ, ರೋಗಿ ಚಪ್ಪಟೆಯಾಗಿ ಮಲಗಿದರೆ ಆ ನೆರವೂ ತಪ್ಪಿಹೋಗುತ್ತದೆ. ಗಂಟಲಿಗೆ ಬಂದದ್ದು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಕಟ್ಟಿಟ್ಟದ್ದು ಎಂದೇ ತಿಳಿದು ಎಚ್ಚರವಹಿಸಬೇಕು. ಸ್ಪೇನಿನ ಬಾರ್ಸಿಲೋನಾದಲ್ಲಿ ವೆಂಟಿಲೇಟರ್ ಮೇಲಿದ್ದ 86 ರೋಗಿಗಳನ್ನು ಗಮನಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಪ್ಪಟೆಯಾಗಿ ಮಲಗಿಸಿದವರ ಪೈಕಿ ನೂರಕ್ಕೆ 23 ಮಂದಿಗೆ ಪ್ರಯೋಗಾಲಯದಲ್ಲಿ ಖಚಿತವಾದ ನ್ಯುಮೋನಿಯಾ ಬಂದಿದ್ದರೆ, ತಲೆಭಾಗ ಎತ್ತಿ ಮಲಗಿಸಿದವರಲ್ಲಿ ಅದು ನೂರಕ್ಕೆ 5ರಷ್ಟಿತ್ತು. ಔಷಧಿಯಿಲ್ಲದೆ, ಖರ್ಚಿಲ್ಲದೆ, ಮಂಚದ ಹ್ಯಾಂಡಲ್ ತಿರುಗಿಸಿದ್ದರಿಂದ ಆದ ವ್ಯತ್ಯಾಸ ಅದು.

ತೊಂದರೆ ಕಂಡ ಕೂಡಲೇ

ಕೆಮ್ಮು, ವಾಂತಿ, ಉಸಿರುಗಟ್ಟುವಿಕೆ, ತುಟಿ ನೀಲಿಯಾಗುವುದು, ಗಂಟಲಿನಲ್ಲಿ ಗೊರಗೊರ ಸದ್ದು, ಆಕ್ಸಿಮೀಟರಿನಲ್ಲಿ ಆಮ್ಲಜನಕದ ಅಂಕಿ ಇಳಿಯುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಕಾರಣ ಹುಡುಕುತ್ತ ನಿಲ್ಲಬಾರದು. ನಳಿಕೆಯನ್ನು ಬೆರಳಿನಿಂದ ಮಡಚಿ ಹಿಡಿದು ಹರಿವನ್ನು ನಿಲ್ಲಿಸಬೇಕು, ಫೀಡನ್ನು ಹನಿಹನಿಯಾಗಿ ಹರಿಸುವ ಪಂಪ್ ಇದ್ದರೆ ಅದನ್ನು ನಿಲ್ಲಿಸಬೇಕು, ಸ್ಟಾಫ್ ನರ್ಸನ್ನು ಕೂಗಿ ಕರೆಯಬೇಕು, ಅವರು ಬರುವವರೆಗೆ ರೋಗಿಯ ತಲೆಭಾಗವನ್ನು ಎತ್ತಿಯೇ ಇಟ್ಟುಕೊಂಡಿರಬೇಕು. ವಾಂತಿಯಾಗುತ್ತಿದ್ದರೆ ಮುಖವನ್ನೂ ಮೈಯನ್ನೂ ಒಂದು ಪಕ್ಕಕ್ಕೆ ಹೊರಳಿಸಿ, ಬಾಯಲ್ಲಿರುವುದು ಹೊರಗೆ ಹರಿದುಹೋಗುವಂತೆ ಮಾಡಬೇಕು. ಗಂಟಲಿನಲ್ಲಿ ಸೇರಿದ್ದನ್ನು ಯಂತ್ರದಿಂದ ಹೀರಿ ತೆಗೆಯುವುದು (ಸಕ್ಷನ್), ಆಮ್ಲಜನಕ ಕೊಡುವುದು, ನಳಿಕೆ ಜಠರದಲ್ಲೇ ಇದೆಯೇ ಎಂದು ಪರೀಕ್ಷಿಸುವುದು ನರ್ಸ್ ಮತ್ತು ವೈದ್ಯರ ಕೆಲಸ. ನಿಲ್ಲಿಸಿದ ಫೀಡನ್ನು ಮತ್ತೆ ಶುರುಮಾಡುವ ತೀರ್ಮಾನವೂ ಸಹಾಯಕರದ್ದಲ್ಲ.

ನಮ್ಮ ಕಡೆ ಊಟ ಮಾಡುವಾಗ ಯಾರಾದರೂ ಕೆಮ್ಮಿದರೆ "ನೆತ್ತಿಗೇರಿತು" ಎಂದು ನೆತ್ತಿ ತಟ್ಟಿ ಒಂದು ಲೋಟ ನೀರು ಕುಡಿಸುವುದು ವಾಡಿಕೆ. ಹಾಸಿಗೆಯ ಪಕ್ಕದಲ್ಲಿ ಕುಳಿತ ಮಗಳೋ ಸೊಸೆಯೋ ಅದೇ ಅಭ್ಯಾಸದಿಂದ ನೀರಿನ ಲೋಟಕ್ಕೆ ಕೈಹಾಕುತ್ತಾರೆ. ಬಾಯಿಂದ ನುಂಗಲಾಗದು ಎಂಬ ಕಾರಣಕ್ಕೇ ನಳಿಕೆ ಹಾಕಿರುವ ರೋಗಿಗೆ ಆ ಒಂದು ಗುಟುಕು ನೀರು ಗಂಜಿಗಿಂತ ದೊಡ್ಡ ಅಪಾಯ ತರಬಹುದು. ಫೀಡ್ ಶುರುಮಾಡುವ ಮೊದಲೇ ಮನೆಯವರಿಗೆ ಇದನ್ನು ಮೃದುವಾಗಿ ತಿಳಿಸಿ ಹೇಳಿರಬೇಕು, ಏಕೆಂದರೆ ಕೆಮ್ಮು ಬಂದ ಗಳಿಗೆಯಲ್ಲಿ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ.

ಸೊಂಟ ಎಲ್ಲಿದೆ?

ರೋಗಿ ಸುಧಾರಿಸಿಕೊಂಡ ಮೇಲೆ ಕಾರಣ ಹುಡುಕಲು ಸೊಂಟದಿಂದಲೇ ಆರಂಭಿಸಬೇಕು. ಆಸ್ಪತ್ರೆಯ ಮಂಚ ಎಲ್ಲಿ ಮಡಚುತ್ತದೆಯೋ ಅದೇ ನೇರಕ್ಕೆ ರೋಗಿಯ ಸೊಂಟದ ಮೂಳೆ ಬರಬೇಕು. ಹೊದಿಕೆಯ ಕೆಳಗೆ ಇದು ಕಾಣುವುದಿಲ್ಲವಾದ್ದರಿಂದ ನಾನು ಕಲಿಸುವವರಿಗೆ ಒಂದು ಉಪಾಯ ಹೇಳಿಕೊಡುತ್ತೇನೆ: ಖಾಲಿ ಮಂಚದ ತಲೆಭಾಗವನ್ನು ಒಮ್ಮೆ ಎತ್ತಿ ಇಳಿಸಿ, ಮಡಚುವ ಜಾಗಕ್ಕೆ ನೇರವಾಗಿ ಮಂಚದ ಪಕ್ಕದ ಪಟ್ಟಿಗೆ ಒಂದು ತುಂಡು ಪ್ಲಾಸ್ಟರನ್ನು ಅಂಟಿಸಿಡಿ. ಆಮೇಲೆ ಯಾವ ರೋಗಿ ಬಂದರೂ, ಯಾವ ಪಾಳಿಯವರು ಬಂದರೂ, ಹೊದಿಕೆ ಸರಿಸಿ ಸೊಂಟದ ಮೂಳೆಯನ್ನು ಕೈಯಿಂದ ಮುಟ್ಟಿ, ಅದು ಪ್ಲಾಸ್ಟರಿನ ನೇರಕ್ಕಿದೆಯೇ ಎಂದು ನೋಡಿದರೆ ಸಾಕು. ನಾಲ್ಕು ಬೆರಳಿಗಿಂತ ಹೆಚ್ಚು ಕೆಳಗಿದ್ದರೆ ಫೀಡ್ ಶುರುಮಾಡಬಾರದು ಎಂಬುದು ನಾನಾಗಿಯೇ ಇಟ್ಟುಕೊಂಡ ನಿಯಮ. ಇದನ್ನು ಯಾವ ಪುಸ್ತಕದಲ್ಲೂ ಹುಡುಕಬೇಡಿ.

ಎರಡನೆಯದಾಗಿ ಕೋನ. ಸಾಮಾನ್ಯವಾಗಿ ಪಾಲಿಸುವ ಅಳತೆ 30ರಿಂದ 45 ಡಿಗ್ರಿ. ಸಿರಿಂಜಿನಲ್ಲಿ ಒಂದೇ ಸಲಕ್ಕೆ 200 ಮಿಲಿಯಷ್ಟು ಕೊಡುವಾಗ 45ರ ಹತ್ತಿರ ಇರುವುದು ಒಳ್ಳೆಯದು, ಪಂಪಿನಲ್ಲಿ ಹನಿಹನಿಯಾಗಿ ದಿನವಿಡೀ ಹೋಗುತ್ತಿದ್ದರೆ ಹಗಲು ರಾತ್ರಿ 30ಕ್ಕಿಂತ ಕೆಳಗೆ ಇಳಿಯಬಾರದು. ಕಣ್ಣಂದಾಜು ಇಲ್ಲಿ ಬಹಳ ಮೋಸ ಮಾಡುತ್ತದೆ. 20 ಡಿಗ್ರಿ ಎತ್ತಿದ್ದನ್ನು 45 ಎಂದು ಪ್ರಾಮಾಣಿಕವಾಗಿ ನಂಬಿರುವ ಹಳೆಯ ಕೈಗಳನ್ನು ನಾನು ಕಂಡಿದ್ದೇನೆ, ನಾನೂ ಅವರಲ್ಲಿ ಒಬ್ಬಳಾಗಿದ್ದೆ. ಕೋನಮಾಪಕ ಇರುವ ಮಂಚವಾದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಅಳತೆಯ ಟೇಪು ಸಾಕು, ಏಕೆಂದರೆ ಎತ್ತಿದ ಹಲಗೆಯ ತುದಿ ಹಲಗೆಯ ಉದ್ದದ ಅರ್ಧದಷ್ಟು ಮೇಲೇರಿದಾಗ ಕೋನ ಸರಿಯಾಗಿ 30 ಡಿಗ್ರಿ ಆಗುತ್ತದೆ. ಬೆನ್ನಿನ ಹಲಗೆ 80 ಸೆಂ.ಮೀ. ಉದ್ದವಿದ್ದರೆ ಅದರ ತುದಿ 40 ಸೆಂ.ಮೀ. ಎದ್ದಾಗ 30 ಡಿಗ್ರಿ, ಸುಮಾರು 57 ಸೆಂ.ಮೀ. ಎದ್ದಾಗ 45 ಡಿಗ್ರಿ.

ಇದೇ ಲೆಕ್ಕವನ್ನು ರೋಗಿಯ ಮೈಮೇಲೆ ಮಾಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ನಮಗೆ ಬೇಕಾದದ್ದು ಮಂಚದ ಕೋನವಲ್ಲ. ಸೊಂಟದ ಮೂಳೆಯಿಂದ ಭುಜದವರೆಗೆ ಗೇಣು ಹಾಕಿ. ಎರಡು ಗೇಣು ಬಂದರೆ, ಭುಜವು ಸೊಂಟದ ಮಟ್ಟಕ್ಕಿಂತ ಕನಿಷ್ಠ ಒಂದು ಗೇಣು ಮೇಲಿರಬೇಕು. ಅದು 30 ಡಿಗ್ರಿ. ಒಂದೂವರೆ ಗೇಣಿಗೆ ತುಸು ಕಡಿಮೆ ಇದ್ದರೆ 45 ಡಿಗ್ರಿ. ಗೇಣು ಯಾರದ್ದಾದರೂ ಆಗಬಹುದು, ಎರಡು ಅಳತೆಗೂ ಅದೇ ಕೈ ಇದ್ದರಾಯಿತು. ಜಾರಿ ಮುದುಡಿದ ರೋಗಿಯಲ್ಲಿ ಈ ಲೆಕ್ಕ ಹಾಕಿದಾಗಲೇ, ಮಂಚ 45 ತೋರಿಸುತ್ತಿದ್ದರೂ ಮೈ 20ನ್ನೂ ಮುಟ್ಟಿಲ್ಲ ಎಂಬುದು ಸಹಾಯಕರಿಗೆ ಕಣ್ಣಾರೆ ಕಾಣುತ್ತದೆ.

ಜಾರುವುದಕ್ಕೆ ಕಾರಣಗಳನ್ನು ನೋಡೋಣ. ಹೆಚ್ಚಿನ ಸಂದರ್ಭಗಳಲ್ಲಿ ಮೊಣಕಾಲಿನ ಭಾಗವನ್ನು ಎತ್ತದೆ ತಲೆಭಾಗವನ್ನಷ್ಟೇ ಎತ್ತಿರುತ್ತಾರೆ. ಆಗ ಮೈಯ ಭಾರವೆಲ್ಲ ಇಳಿಜಾರಿನಲ್ಲಿ ಕೆಳಮುಖವಾಗಿ ಸರಿಯುತ್ತದೆ. ಸರಿಯಾದ ಕ್ರಮವೆಂದರೆ ಮಂಚ ಸಮತಟ್ಟಾಗಿರುವಾಗ ರೋಗಿಯನ್ನು ಮೇಲಕ್ಕೆ ತಂದು ಸೊಂಟವನ್ನು ಗುರುತಿಗೆ ಸೇರಿಸುವುದು, ಮೊದಲು ಮೊಣಕಾಲಿನ ಭಾಗವನ್ನು 10ರಿಂದ 20 ಡಿಗ್ರಿ ಎತ್ತುವುದು ಅಥವಾ ತೊಡೆಯ ಕೆಳಗೆ ದಿಂಬು ಕೊಡುವುದು, ಅದಾದ ಮೇಲೆ ತಲೆಭಾಗವನ್ನು ಎತ್ತುವುದು. ಇಳಿಸುವಾಗ ತಲೆಭಾಗ ಮೊದಲು, ಕಾಲು ಆಮೇಲೆ. ಎರಡನೆಯ ಕಾರಣ ಹಾಸಿಗೆಯ ರೆಕ್ಸಿನ್. ಅದರ ಮೇಲೆ ಸಿಂಥೆಟಿಕ್ ಹೊದಿಕೆ ಹಾಸಿ, ಬೆನ್ನಿಗೆ ಧಾರಾಳವಾಗಿ ಪೌಡರ್ ಬಳಿದರೆ ರೋಗಿ ಜಾರುಬಂಡೆಯ ಮೇಲೆ ಕುಳಿತಂತಾಗುತ್ತದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರು ಮಾಡಿದ್ದ ಊರು ನಮ್ಮದು; ಬಿಗಿಯಾಗಿ ಎಳೆದು ಸಿಕ್ಕಿಸಿದ ದಪ್ಪ ಹತ್ತಿಯ ಹಾಸುಬಟ್ಟೆಯಷ್ಟು ಚೆನ್ನಾಗಿ ಮೈಯನ್ನು ಹಿಡಿದು ನಿಲ್ಲಿಸುವ ಇನ್ನೊಂದು ಬಟ್ಟೆ ನನಗಂತೂ ಸಿಕ್ಕಿಲ್ಲ. ಮೂರನೆಯದು ಏರ್ ಬೆಡ್. ಹಾಸಿಗೆ ಹುಣ್ಣು ತಡೆಯಲು ಅದು ಬೇಕೇ ಬೇಕು, ಆದರೆ ಗಾಳಿ ಹಿಗ್ಗಿ ಕುಗ್ಗುವಾಗ ರೋಗಿ ಸ್ವಲ್ಪಸ್ವಲ್ಪವೇ ಕೆಳಗೆ ಸರಿಯುತ್ತಾರೆ. ಏರ್ ಬೆಡ್ಡಿನ ಗಾಳಿ ಪಂಪಿನಲ್ಲಿ ಹಾಸಿಗೆಯನ್ನು ಗಟ್ಟಿಯಾಗಿ ನಿಲ್ಲಿಸುವ ಗುಂಡಿ ಇದ್ದರೆ ಫೀಡ್ ಹೋಗುವಷ್ಟು ಹೊತ್ತು ಅದನ್ನು ಬಳಸಬಹುದೇ ಎಂದು ನರ್ಸನ್ನು ಕೇಳಿಕೊಳ್ಳಬೇಕು.

ರೋಗಿಯನ್ನು ಮೇಲಕ್ಕೆ ತರುವಾಗ ಕಂಕುಳಿಗೆ ಕೈಹಾಕಿ ಎಳೆಯುವುದು ಎಲ್ಲ ಕಡೆಯೂ ಇರುವ ಕೆಟ್ಟ ರೂಢಿ. ಲಕ್ವ ಹೊಡೆದ ಪಕ್ಕದ ಭುಜ ಅದರಿಂದ ಕೀಲು ತಪ್ಪಬಹುದು, ಬೆನ್ನ ಕೆಳಗಿನ ಚರ್ಮ ಉಜ್ಜಿ ಹರಿಯಬಹುದು. ಭುಜದಿಂದ ತೊಡೆಯವರೆಗೆ ಬರುವ ಅಡ್ಡಬಟ್ಟೆಯನ್ನು ಹಾಸಿ, ಇಬ್ಬರು ಎರಡು ಪಕ್ಕದಲ್ಲಿ ನಿಂತು, ಬಟ್ಟೆಯನ್ನು ಮೈಗೆ ಹತ್ತಿರವಾಗಿ ಸುತ್ತಿ ಹಿಡಿದು, "ಅಜ್ಜಾರೆ, ಈಗ ಮ್ಯಾಲಕ್ಕೆ ಎತ್ತುತೀವಿ, ಗದ್ದ ಸ್ವಲ್ಪ ಒಳಕ್ಕೆ ತಗೊಳ್ರಿ" ಎಂದು ಹೇಳಿ, ಒಟ್ಟಿಗೆ ಎಣಿಸಿ ಎತ್ತಬೇಕು. ಪ್ರಜ್ಞೆಯಿಲ್ಲದವರಿಗೂ ಹೇಳಿಯೇ ಎತ್ತಬೇಕು. ಭಾರಿ ಮೈಯವರಿಗೆ ನಾಲ್ಕು ಜನ ಬೇಕು, ಇಬ್ಬರೇ ಇದ್ದರೆ ಕಾಯಬೇಕು.

ಇದೆಲ್ಲ ಫೀಡಿಗೆ ಮೊದಲಿನ ಮಾತು. ಅರ್ಧ ಫೀಡ್ ಹೋದ ಮೇಲೆ ರೋಗಿ ಜಾರಿದರೆ ಏನು ಮಾಡುವುದು? ಮಂಚವನ್ನು ಸಮತಟ್ಟು ಮಾಡಿ ಎಳೆದುಕೊಳ್ಳುವುದೇ ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಆದರೆ ತುಂಬಿದ ಹೊಟ್ಟೆಯಲ್ಲಿ ಅದೇ ತಪ್ಪು. ನಳಿಕೆಯನ್ನು ಮುಚ್ಚಿ, ನರ್ಸಿಗೆ ತಿಳಿಸಿ, ತಲೆಭಾಗವನ್ನು ಪೂರ್ತಿ ಇಳಿಸದೆ, ಮೊಣಕಾಲಿನ ಭಾಗವನ್ನು ಎತ್ತಿಕೊಂಡು, ಅಡ್ಡಬಟ್ಟೆಯಿಂದ ಎತ್ತಿ ಸೊಂಟವನ್ನು ಗುರುತಿಗೆ ತರಬೇಕು. ಇದು ಕಷ್ಟದ ಕೆಲಸ, ಬೆನ್ನು ನೋಯುತ್ತದೆ. ಆದ್ದರಿಂದಲೇ ಮೊದಲೇ ಸರಿಮಾಡಿಕೊಳ್ಳಿ ಎನ್ನುವುದು.

ಸೊಂಟ ಸರಿಯಿದ್ದೂ ಕೆಮ್ಮು ಬಂದರೆ

ಮುಂದೆ ನೋಡಬೇಕಾದದ್ದು ಕತ್ತು. ತಲೆಯ ಕೆಳಗೆ ಎರಡು ಮೂರು ದಿಂಬು ಪೇರಿಸಿದರೆ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ದಿಂಬೇ ಇಲ್ಲದೆ ತಲೆ ಹಿಂದಕ್ಕೆ ಬಿದ್ದು ಬಾಯಿ ತೆರೆದುಕೊಂಡಿದ್ದರೆ ಜೊಲ್ಲು ನೇರವಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ. ಕಿವಿ, ಭುಜ, ಸೊಂಟ ಮೂರೂ ಒಂದೇ ಗೆರೆಯಲ್ಲಿದ್ದು ಗದ್ದ ಒಂದಿಷ್ಟೇ ಒಳಬಾಗಿದ್ದರೆ ಅದು ಸರಿಯಾದ ಸ್ಥಿತಿ. ಪಕ್ಕದಿಂದ ನಿಂತು ನೋಡಿದರೆ ಮಾತ್ರ ಇದು ತಿಳಿಯುತ್ತದೆ. ಕಾಲ ಬಳಿ ನಿಂತು ನೋಡಿದರೆ ಎಲ್ಲರೂ ನೆಟ್ಟಗೇ ಕಾಣುತ್ತಾರೆ.

ಕತ್ತೂ ಸರಿಯಿದ್ದರೆ ಮೂಗಿನ ಹೊಳ್ಳೆಯ ಬಳಿ ನಳಿಕೆಯ ಮೇಲಿನ ಗುರುತನ್ನು ಓದಿ, ಚಾರ್ಟಿನಲ್ಲಿ ಬರೆದ ಸೆಂ.ಮೀ. ಅಂಕಿಗೆ ಹೋಲಿಸಬೇಕು. ಗುರುತು ಹೊರಗೆ ಸರಿದಿದ್ದರೆ ನಳಿಕೆಯ ತುದಿ ಅನ್ನನಾಳಕ್ಕೆ ಬಂದಿರಬಹುದು. ಅದನ್ನು ಒಳಕ್ಕೆ ತಳ್ಳಬಾರದು, ಫೀಡ್ ಕೊಡಬಾರದು, ನರ್ಸಿಗೆ ಹೇಳಬೇಕು. ಇದಕ್ಕೂ ಭಂಗಿಗೂ ಏನು ಸಂಬಂಧ ಎಂದು ಕೇಳಬಹುದು. ಅನೇಕ ಕಡೆ ನಳಿಕೆಯ ಹೊರತುದಿಯನ್ನು ದಿಂಬಿಗೋ ಹಾಸುಬಟ್ಟೆಗೋ ಪಿನ್ನು ಹಾಕಿ ಸಿಕ್ಕಿಸಿರುತ್ತಾರೆ. ರೋಗಿ ಕೆಳಗೆ ಜಾರುತ್ತಾರೆ, ದಿಂಬು ಜಾರುವುದಿಲ್ಲ, ನಡುವೆ ನಳಿಕೆ ಎಳೆದುಕೊಂಡು ಹೊರಬರುತ್ತದೆ. ಹೊರತುದಿಯನ್ನು ರೋಗಿಯ ಅಂಗಿಯ ಭುಜಕ್ಕೆ, ಸ್ವಲ್ಪ ಸಡಿಲ ಬಿಟ್ಟು ಕಟ್ಟಿದರೆ ರೋಗಿ ಹೋದಲ್ಲಿಗೆ ಅದೂ ಹೋಗುತ್ತದೆ. ನಳಿಕೆಯ ಜಾಗವನ್ನು ಖಚಿತಪಡಿಸಲು ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಸದ್ದು ಕೇಳುವ ಹಳೆಯ ವಿಧಾನವನ್ನು ಈಗ ನೆಚ್ಚುವಂತಿಲ್ಲ, ಏಕೆಂದರೆ ತುದಿ ಶ್ವಾಸಕೋಶದಲ್ಲಿದ್ದರೂ ಅಂಥದೇ ಸದ್ದು ಕೇಳಬಹುದು. ಎಕ್ಸ್-ರೇ, ಮತ್ತು ನಳಿಕೆಯಿಂದ ಹೀರಿದ ದ್ರವದ ಆಮ್ಲತೆಯ ಅಳತೆಯಾದ ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇದೆಯೇ ಎಂಬ ಪರೀಕ್ಷೆ, ಇವನ್ನೇ ನರ್ಸ್ ಮತ್ತು ವೈದ್ಯರು ಆಧರಿಸುತ್ತಾರೆ.

ಕೆಮ್ಮಿನ ವಿಷಯದಲ್ಲಿ ಇನ್ನೊಂದು ಮಾತು. ಲಕ್ವ ಹೊಡೆದವರಲ್ಲಿ, ಪ್ರಜ್ಞೆ ಮಂಕಾದವರಲ್ಲಿ ಕೆಮ್ಮುವ ಶಕ್ತಿಯೇ ಸತ್ತಿರಬಹುದು. ಫೀಡ್ ಶ್ವಾಸನಾಳಕ್ಕೆ ಇಳಿದರೂ ಅವರು ಕೆಮ್ಮುವುದಿಲ್ಲ, ಒದ್ದಾಡುವುದಿಲ್ಲ. ಉಸಿರು ನಿಮಿಷಕ್ಕೆ 18 ಇದ್ದದ್ದು 28 ಆಗುತ್ತದೆ, ಗಂಟಲಿನಲ್ಲಿ ನೀರು ಕುದಿಯುವಂಥ ಸದ್ದಾಗುತ್ತದೆ, ಮಾತಾಡುವವರಾದರೆ ದನಿ ಒದ್ದೆಯಾದಂತೆ ಕೇಳುತ್ತದೆ, ಒಂದೆರಡು ದಿನದಲ್ಲಿ ಜ್ವರ ಬರುತ್ತದೆ. "ಕೆಮ್ಮಲಿಲ್ಲ, ಹಾಗಾಗಿ ಎಲ್ಲ ಸರಿಯಿದೆ" ಎಂಬ ತರ್ಕ ಇವರಲ್ಲಿ ನಡೆಯುವುದಿಲ್ಲ. ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ರಕಿಯಾಸ್ಟಮಿ ನಳಿಕೆ ಹಾಕಿದವರಿಗೂ, ಹೊಟ್ಟೆಯ ಮೇಲಿನಿಂದ ನೇರವಾಗಿ ಜಠರಕ್ಕೆ ಪೆಗ್ ನಳಿಕೆ ಹಾಕಿದವರಿಗೂ ಇದೇ ಎಚ್ಚರ ಬೇಕು. ಪೆಗ್ ಹಾಕಿದ ಮೇಲೆ ಮಲಗಿಸಿಯೇ ಕೊಡಬಹುದು ಎಂಬ ನಂಬಿಕೆ ವಾರ್ಡಿನಲ್ಲೂ ಮನೆಗಳಲ್ಲೂ ಹೇಗೋ ಹಬ್ಬಿದೆ. ಜಠರದಿಂದ ಮೇಲೆ ಬರುವುದಕ್ಕೆ ನಳಿಕೆ ಯಾವ ದಾರಿಯಿಂದ ಒಳಹೊಕ್ಕಿತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಫೀಡ್ ಇಳಿಯುತ್ತಿಲ್ಲ, ಅಥವಾ ಸಿರಿಂಜಿಗೇ ಹಿಂದಿರುಗುತ್ತಿದೆ

ಇಲ್ಲಿ ಎಲ್ಲರೂ ಮೊದಲು ಶಂಕಿಸುವುದು ಕಟ್ಟಿಕೊಂಡ ನಳಿಕೆಯನ್ನು. ಸರಿಯಾಗಿ ಸೋಸದ ರಾಗಿ ಗಂಜಿ ಆರಿದಾಗ ಗಟ್ಟಿಯಾಗುವುದು ನಿಜ, ಪ್ರತಿ ಫೀಡಿಗೆ ಮುಂಚೆ ಮತ್ತು ಆಮೇಲೆ ಸುಮಾರು 30 ಮಿಲಿ ನೀರು ಹಾಯಿಸದಿದ್ದರೆ ನಳಿಕೆ ಕಟ್ಟುವುದೂ ನಿಜ. ಆದರೆ ಮುದುಡಿ ಕುಳಿತ ಹೊಟ್ಟೆಯೂ ಇದೇ ಲಕ್ಷಣವನ್ನು ತೋರಿಸುತ್ತದೆ, ಏಕೆಂದರೆ ಒತ್ತಡಕ್ಕೆ ಸಿಕ್ಕಿದ ಜಠರ ಒಳಬರುವುದನ್ನು ಮೇಲಕ್ಕೆ ದೂಡುತ್ತದೆ. ಎರಡನ್ನೂ ಬೇರ್ಪಡಿಸುವ ಬಗೆ ಸುಲಭ: ಸಿರಿಂಜನ್ನು ಹಿಡಿದುಕೊಂಡೇ ರೋಗಿಯ ಸೊಂಟ ಮತ್ತು ಬೆನ್ನನ್ನು ನೋಡಿ. ಸಿರಿಂಜಿನಲ್ಲಿನ ಮಟ್ಟ ಉಸಿರಿನ ಜೊತೆಗೆ ತುಸು ಏರಿಳಿಯುತ್ತಿದ್ದರೆ, ಕೆಮ್ಮಿದಾಗ ಮೇಲಕ್ಕೆ ಚಿಮ್ಮುತ್ತಿದ್ದರೆ ನಳಿಕೆ ತೆರೆದಿದೆ, ಒತ್ತಡ ಹೊಟ್ಟೆಯದು ಎಂದು ಊಹಿಸಬಹುದು. ಮಟ್ಟ ಕದಲದೆ ನಿಂತಿದ್ದರೆ ನಳಿಕೆ ಎಲ್ಲೋ ಮಡಚಿದೆ ಅಥವಾ ಕಟ್ಟಿದೆ. ಭುಜದ ಕೆಳಗೆ ಸಿಕ್ಕಿಕೊಂಡಿದೆಯೇ, ಮಂಚದ ಕಂಬಿಗೆ ಒತ್ತಿದೆಯೇ, ಬಾಯೊಳಗೆ ಸುರುಳಿಯಾಗಿದೆಯೇ ಎಂದು ಮೂಗಿನಿಂದ ಆರಂಭಿಸಿ ಕೈಯಾಡಿಸಿ ನೋಡಬೇಕು. ಯಾವ ಕಾರಣಕ್ಕೂ ಪಿಸ್ಟನ್ ಹಾಕಿ ಒತ್ತಬಾರದು. 200 ಮಿಲಿಗೆ 15ರಿಂದ 20 ನಿಮಿಷ ಬೇಕು. ಸಿರಿಂಜನ್ನು ಎತ್ತರಕ್ಕೆ ಹಿಡಿದಷ್ಟೂ ವೇಗ ಹೆಚ್ಚುತ್ತದೆ, ರೋಗಿಯ ತಲೆಗಿಂತ ಒಂದು ಗೇಣಿನಷ್ಟು ಮೇಲಿದ್ದರೆ ಸಾಕು. ಕೈ ನೋಯುತ್ತದೆಂದು ಐದೇ ನಿಮಿಷದಲ್ಲಿ ಮುಗಿಸಿ, ವಾಂತಿಯಾದಾಗ ಭಂಗಿಯನ್ನು ದೂರುವುದು ಸರಿಯಲ್ಲ.

ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ, ಬಿಕ್ಕಳಿಕೆ ನಿಲ್ಲದಿದ್ದರೆ, ಹಿಂದಿನ ಫೀಡ್ ಇನ್ನೂ ಜಠರದಲ್ಲೇ ಇರಬಹುದು. ಇದನ್ನು ಭಂಗಿಯಿಂದ ಸರಿಪಡಿಸಲಾಗದು, ನರ್ಸಿಗೆ ತಿಳಿಸಬೇಕು.

ಒಂದು ಪಕ್ಕಕ್ಕೆ ವಾಲುವವರು, ಕೂರಿಸಲಾಗದವರು

ಲಕ್ವ ಹೊಡೆದ ರೋಗಿ ಆರಂಭದಲ್ಲಿ ನೆಟ್ಟಗಿದ್ದು, ಹತ್ತು ನಿಮಿಷದಲ್ಲಿ ಸೋತ ಪಕ್ಕಕ್ಕೆ ನಿಧಾನವಾಗಿ ವಾಲುತ್ತಾರೆ. ಫೀಡಿನ ಕೊನೆಯ ಭಾಗದಲ್ಲಿ ಮಾತ್ರ ಕೆಮ್ಮು ಬರುತ್ತಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು "ಯಾವ ಕೈ ಬಿದ್ದಿದೆ?" ಎಂದೇ. ಸೋತ ಪಕ್ಕದಲ್ಲಿ ಕಂಕುಳಿನಿಂದ ಸೊಂಟದವರೆಗೆ ಉದ್ದನೆಯ ದಿಂಬನ್ನು ಒತ್ತರಿಸಿ, ಆ ಕೈಯನ್ನು ಇನ್ನೊಂದು ದಿಂಬಿನ ಮೇಲೆ ಇಟ್ಟರೆ ವಾಲುವುದು ನಿಲ್ಲುತ್ತದೆ. ಹಳೆಯ, ಗಂಟುಕಟ್ಟಿದ ಹತ್ತಿ ದಿಂಬು ಇದಕ್ಕೆ ಆಗದು, ಐದು ನಿಮಿಷಕ್ಕೆ ಕುಸಿಯುತ್ತದೆ. ಕಂಬಳಿಯನ್ನು ಬಿಗಿಯಾಗಿ ಸುರುಳಿ ಸುತ್ತಿ ಬಳಸುವುದು ಮೇಲು.

ಬೆನ್ನುಮೂಳೆ ಮುರಿದವರು, ಸೊಂಟದ ಶಸ್ತ್ರಚಿಕಿತ್ಸೆಯಾದವರು, ತಲೆ ಎತ್ತಿದರೆ ರಕ್ತದೊತ್ತಡ ಕುಸಿಯುವವರು, ಇವರ ವಿಷಯದಲ್ಲಿ ಸಹಾಯಕರು ಸ್ವಂತ ಬುದ್ಧಿಯಿಂದ ಮಂಚ ಎತ್ತಬಾರದು. ಮೈಯನ್ನು ಎಲ್ಲೂ ಬಗ್ಗಿಸದೆ ಇಡೀ ಮಂಚವನ್ನೇ ತಲೆಯ ಕಡೆ ಎತ್ತರವಾಗುವಂತೆ ಓರೆಮಾಡುವುದು, ಅಥವಾ ಬಲಮಗ್ಗುಲಿಗೆ ಹೊರಳಿಸಿ ಕೊಡುವುದು, ಇಂಥ ದಾರಿಗಳಿವೆ. ಯಾವುದು ಎಂಬುದನ್ನು ವೈದ್ಯರು ಬರೆದುಕೊಟ್ಟಿರಬೇಕು.

ಮನೆಗೆ ಹೋದ ಮೇಲೆ

ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯ ಹಳ್ಳಿಗಳಿಗೆ ನಳಿಕೆ ಸಮೇತ ಮರಳುವ ರೋಗಿಗಳು ಬಹಳ. ಅಲ್ಲಿ ಹ್ಯಾಂಡಲ್ ತಿರುಗಿಸುವ ಮಂಚವಿರುವುದಿಲ್ಲ. ಜಗಳೂರು ತಾಲ್ಲೂಕಿನ ಒಂದು ಮನೆಗೆ ಹೋಗಿದ್ದಾಗ, ಮಗ ತಂದೆಯ ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟು, "ಡಾಕ್ಟ್ರು ಹೇಳ್ದಂಗೆ ಎತ್ತರ ಮಾಡೀವ್ರಿ" ಎಂದು ಅಭಿಮಾನದಿಂದ ತೋರಿಸಿದ. ಪ್ರತಿ ಫೀಡಿಗೂ ಕೆಮ್ಮು ಬರುತ್ತಿತ್ತು. ಲೆಕ್ಕ ಹಾಕಿ ನೋಡಿ: ಎರಡು ಇಟ್ಟಿಗೆ ಎಂದರೆ ಸುಮಾರು ಅರ್ಧ ಅಡಿ, ಮಂಚ ಆರು ಅಡಿ, ಕೋನ 5 ಡಿಗ್ರಿ. 30 ಡಿಗ್ರಿ ಬೇಕಾದರೆ ಮಂಚದ ಆ ತುದಿಯನ್ನು ಮೂರು ಅಡಿ ಎತ್ತಬೇಕು, ಆಗ ಯಜಮಾನರು ಮಂಚದ ಮೇಲೆ ಉಳಿಯುವುದಿಲ್ಲ. ತಪ್ಪು ಮಗನದಲ್ಲ. "ತಲೆ ಎತ್ತರಕ್ಕಿಡಿ" ಎಂದಷ್ಟೇ ಹೇಳಿ ಕಳಿಸಿದ್ದ ನಮ್ಮದು.

ಮನೆಯಲ್ಲಿ ಚೆನ್ನಾಗಿ ಒದಗುವ ಸಾಧನವೆಂದರೆ ಕೈಯಿಲ್ಲದ ಮರದ ಕುರ್ಚಿ. ಅದನ್ನು ಬೋರಲು ಹಾಕಿ, ಅಂದರೆ ಕುಳಿತುಕೊಳ್ಳುವ ಹಲಗೆಯ ಮುಂದಂಚೂ ಬೆನ್ನೊರಗಿನ ಮೇಲಂಚೂ ಹಾಸಿಗೆಗೆ ತಾಗುವಂತೆ ಇಟ್ಟರೆ, ಬೆನ್ನೊರಗು ಇಳಿಜಾರಾದ ಆಸರೆಯಾಗುತ್ತದೆ. ಕುರ್ಚಿಯ ಕಾಲುಗಳು ಗೋಡೆಗೆ ಅಥವಾ ಮಂಚದ ತಲೆಹಲಗೆಗೆ ಒತ್ತಿಕೊಂಡಿರಬೇಕು, ಇಲ್ಲವಾದರೆ ಹಿಂದಕ್ಕೆ ಸರಿಯುತ್ತದೆ. ಅದರ ಮೇಲೆ ಕಂಬಳಿ ಮಡಚಿ ಹಾಸಿ, ರೋಗಿಯ ಸೊಂಟ ಇಳಿಜಾರಿನ ಬುಡಕ್ಕೆ ಅಂಟಿಕೊಳ್ಳುವಂತೆ ಕೂರಿಸಿ, ತೊಡೆಯ ಕೆಳಗೆ ದಿಂಬು ಕೊಟ್ಟು, ಗೇಣಿನ ಲೆಕ್ಕ ಹಾಕಿ ನೋಡಬೇಕು. ನೆಲದ ಮೇಲೆ ಹಾಸಿದ ಹಾಸಿಗೆಗೂ ಇದು ನಡೆಯುತ್ತದೆ. ಕುರ್ಚಿ ಸಿಗದಿದ್ದರೆ ಭತ್ತದ ಹೊಟ್ಟು ತುಂಬಿದ ಚೀಲಗಳೂ ಆದೀತು, ಆದರೆ ಮಂಡಕ್ಕಿ ಚೀಲ ಬೇಡ. ನಮ್ಮ ಊರಿನ ಮನೆಗಳಲ್ಲಿ ಅದು ಕೈಗೆ ಬೇಗ ಸಿಗುವುದರಿಂದ ಹೇಳುತ್ತಿದ್ದೇನೆ, ಒರಗಿದ ಕೂಡಲೇ ಪುಡಿಯಾಗಿ ತಗ್ಗುತ್ತದೆ.

ಫೀಡ್ ಮುಗಿದ ನಂತರದ ಒಂದು ಗಂಟೆ

ಫೀಡ್ ಮುಗಿದು ನೀರು ಹಾಯಿಸಿ ನಳಿಕೆ ಮುಚ್ಚಿದ ಮೇಲೆ ಕನಿಷ್ಠ 30 ನಿಮಿಷ, ಸಾಧ್ಯವಾದರೆ ಒಂದು ಗಂಟೆ, ರೋಗಿ ಅದೇ ಭಂಗಿಯಲ್ಲಿರಬೇಕು. "ಫೀಡ್ ಚೆನ್ನಾಗಿಯೇ ಹೋಯಿತು, ಅರ್ಧ ಗಂಟೆ ಬಿಟ್ಟು ವಾಂತಿಯಾಯಿತು" ಎನ್ನುವ ದೂರು ಬಂದಾಗ ಆ ಅರ್ಧ ಗಂಟೆಯಲ್ಲಿ ಯಾರು ಯಾರು ಮಂಚದ ಬಳಿ ಬಂದರು ಎಂದು ವಿಚಾರಿಸಬೇಕು. ಹಾಸುಬಟ್ಟೆ ಬದಲಿಸಲು, ಡೈಪರ್ ನೋಡಲು, ಎಕ್ಸ್-ರೇ ತೆಗೆಯಲು, ವ್ಯಾಯಾಮ ಮಾಡಿಸಲು ಬಂದವರು ಮಂಚ ಇಳಿಸಿರುತ್ತಾರೆ, ಅಥವಾ ಕುಳಿತು ಸಾಕಾಗಿದೆ ಎಂದು ಮನೆಯವರೇ ಕನಿಕರದಿಂದ ಮಲಗಿಸಿರುತ್ತಾರೆ. ಇಂಥ ಕೆಲಸಗಳನ್ನೆಲ್ಲ ಫೀಡಿಗೆ ಮೊದಲೇ ಮುಗಿಸಿಕೊಳ್ಳಬೇಕು. ಪಂಪಿನಲ್ಲಿ ಸತತವಾಗಿ ಹೋಗುತ್ತಿರುವವರನ್ನು ಹೊರಳಿಸಲು ಮಂಚ ಇಳಿಸಲೇಬೇಕಾದರೆ ನರ್ಸಿನಿಂದ ಪಂಪ್ ನಿಲ್ಲಿಸಿಸಿ, ಬೇಗ ಕೆಲಸ ಮುಗಿಸಿ, ಮತ್ತೆ ಎತ್ತಿದ ಮೇಲೆ ಶುರುಮಾಡಿಸಬೇಕು.

ಇಲ್ಲೊಂದು ನಿಜವಾದ ಇಕ್ಕಟ್ಟಿದೆ. 45 ಡಿಗ್ರಿಯಲ್ಲಿ ಹೆಚ್ಚು ಹೊತ್ತು ಕುಳಿತರೆ ಬೆನ್ನಿನ ಕೆಳತುದಿಯ ಮೂಳೆಯ ಮೇಲೆ ಭಾರ ಬಿದ್ದು, ಚರ್ಮ ಒಂದು ಕಡೆಗೂ ಮೂಳೆ ಇನ್ನೊಂದು ಕಡೆಗೂ ಎಳೆದು ಹಾಸಿಗೆ ಹುಣ್ಣಾಗುತ್ತದೆ. ಹುಣ್ಣಿನ ಹೆದರಿಕೆಯಿಂದ ಚಪ್ಪಟೆ ಮಲಗಿಸಿದರೆ ಫೀಡ್ ಮೇಲೆ ಬರುತ್ತದೆ. ನಾನು ಪಾಲಿಸುವ ಹೊಂದಾಣಿಕೆ ಹೀಗಿದೆ: ಫೀಡಿಗೂ ಅದರ ನಂತರದ ಒಂದು ಗಂಟೆಗೂ 45ರ ಹತ್ತಿರ, ಉಳಿದ ಹೊತ್ತು 30, ಮತ್ತು ಆ 30ರಲ್ಲೇ ಬೆನ್ನಿಗೆ ಓರೆಯಾಗಿ ದಿಂಬು ಕೊಟ್ಟು ಎರಡು ಗಂಟೆಗೊಮ್ಮೆ ಎಡಕ್ಕೂ ಬಲಕ್ಕೂ ಹೊರಳಿಸುವುದು. ಆಗಲೇ ಹುಣ್ಣಾಗಿದ್ದರೆ ವೈದ್ಯರು ಬೇರೆ ಅಳತೆ ಹೇಳಬಹುದು, ಅದು ಚಾರ್ಟಿನಲ್ಲಿರಬೇಕು.

ಚಾರ್ಟಿನಲ್ಲಿ "ಫೀಡ್ ಕೊಡಲಾಯಿತು" ಎಂದಷ್ಟೇ ಬರೆದರೆ ಮುಂದಿನ ಪಾಳಿಯವರಿಗೆ ದೋಷ ಹುಡುಕಲು ಏನೂ ಸಿಗುವುದಿಲ್ಲ. ನಾನು ಬರೆಯಿಸುವುದು ಹೀಗೆ: "ಮಧ್ಯಾಹ್ನ 2 ಗಂಟೆ. ಸೊಂಟ ಗುರುತಿಗಿದೆ. ಮಂಚ 45, ಮೈ 45ರ ಹತ್ತಿರ. ನಳಿಕೆ ಮೂಗಿನ ಬಳಿ 58 ಸೆಂ.ಮೀ., ಬೆಳಿಗ್ಗೆಯಷ್ಟೇ. 200 ಮಿಲಿ, 20 ನಿಮಿಷ. 12ನೇ ನಿಮಿಷಕ್ಕೆ ಎಡಕ್ಕೆ ವಾಲಿದರು, ಫೀಡ್ ನಿಲ್ಲಿಸಿ ದಿಂಬು ಕೊಟ್ಟು ಸಿಸ್ಟರ್‌ಗೆ ತೋರಿಸಿ, ಅವರು ಹೇಳಿದ ಮೇಲೆ ಮುಂದುವರಿಸಿದೆ. ಕೆಮ್ಮು ಇಲ್ಲ. 3.20ರವರೆಗೆ ಮಂಚ ಇಳಿಸಬಾರದು, ಮಗಳಿಗೂ ಹೇಳಿದ್ದೇನೆ."